ಅಂಜೂರದ ಬುಡದ ಕಲ್ಲು

“ಏಯ್, ಹುಲ್ಲಿನ ಮೇಲಿಂದ ಇಳೀ! ಕಣ್ಣು ನೆತ್ತಿ ಮೇಲಿದೆಯಾ? ಕೆಸರುಗಾಲು ನೋಡು, ದರಿದ್ರದ್ದು!”

ನಕ್ಷೆ ಸಾಹೇಬ ಕೂಗಿದ ಕೂಗಿಗೆ ಗಿಡದಕ್ಕ ದಡಬಡ ಎದ್ದು ಹಿಂದಕ್ಕೆ ಸರಿದಳು. ಆ ಹುಲ್ಲನ್ನು ಬೆಳಗ್ಗೆಯಿಂದ ಕುಕ್ಕರುಗಾಲಲ್ಲಿ ಕೂತು, ಚಾಪೆ ಚಾಪೆಯಾಗಿ ಹಾಸಿ, ಅಂಗೈಯಿಂದ ತಟ್ಟಿ ಕೂರಿಸಿದವಳು ಅವಳೇ. ಹಾಸಿದ ಮೇಲೆ ಅವಳೇ ಮೆಟ್ಟಬಾರದಂತೆ! ಸುತ್ತಲೂ ಹದಿನಾಲ್ಕು ಮಹಡಿಯ ಮನೆಗಳು, ನಡುವೆ ಈ ಅಂಗಳ. ಎಲ್ಲಿ ಹುಲ್ಲು, ಎಲ್ಲಿ ಕಲ್ಲು ಎಂದು ಕಾಗದದ ಮೇಲೆ ಗೆರೆ ಎಳೆದವನು ಸಾಹೇಬ. ನಟ್ಟನಡುವೆ ನಿಂತಿದ್ದ ಅಂಜೂರದ ಮರ ಮಾತ್ರ ಗಿಡದಕ್ಕನದು.

ಗಂಡ ಸತ್ತ ವರ್ಷ ಗುಡಿಸಲ ಪಕ್ಕ ಕಡ್ಡಿ ಊರಿ ಬೆಳೆಸಿದ ಮರ. ಅದನ್ನು ಕೇಳಲು ಬಂದವನು ಬೇರೆ ಯಾರೂ ಅಲ್ಲ, ಅವಳ ಸ್ವಂತ ಮೈದುನ, ಇಲ್ಲಿಯ ಮೇಸ್ತ್ರಿ. “ಕೊಡು ಅತ್ತಿಗೆ. ಸಾಹೇಬ್ರಿಗೆ ಬೆಳೆದ ಮರಾನೇ ಬೇಕಂತೆ. ನೋಡ್ಕೊಳ್ಳೋಕೆ ನೀನೇ ಮಾಲಿ, ಕೈಕಾಲು ಆಡೋವರೆಗೂ. ಸತ್ತ ಅಣ್ಣನ ಮೇಲಾಣೆ” ಎಂದಿದ್ದ. ಈ ವಯಸ್ಸಿನಲ್ಲಿ ಇಟ್ಟಿಗೆ ಹೊರುವುದಾದರೂ ತಪ್ಪುತ್ತದಲ್ಲ ಎಂದು ಅವಳು ಹೂಂ ಅಂದಿದ್ದಳು. ಕೀಳುವ ಮುಂಚೆ ಮೂಡಲ ದಿಕ್ಕಿನ ಕೊಂಬೆಗೆ ಚಿಂದಿ ಕಟ್ಟಿದ್ದಳು, ನೆಡುವಾಗಲೂ ಅದೇ ಮುಖ ಬಿಸಿಲಿಗಿರಲೆಂದು. ಸಾಹೇಬ ಚಿಂದಿ ಕಿತ್ತೆಸೆದ. ಗೇಟಿನಿಂದ ನೋಡಿದರೆ ಚೆಂದ ಕಾಣಬೇಕೆಂದು ಮರವನ್ನು ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿದ. ಈಗ ಬುಡಕ್ಕೆ ಒತ್ತಿ ನುಣುಪು ಕಲ್ಲು ಹಾಸಿಸುತ್ತಿದ್ದ.

ಅವಳಿಗೆ ತಡೆಯಲಾಗಲಿಲ್ಲ. “ಸ್ವಾಮಿ, ಬುಡ ಬಿಟ್ಟು ಹಾಸಿ. ಬೇರಿಗೆ ಉಸಿರು ಕಟ್ಟುತ್ತೆ.”

“ನಕ್ಷೆ ಹಾಕಿದ್ದು ನಾನೋ ನೀನೋ? ಮೇಸ್ತ್ರಿ, ಯಾರಯ್ಯಾ ಇವಳು?”

ಮೈದುನ ಅವಳ ಮುಖ ನೋಡಲಿಲ್ಲ. “ಯಾರೋ ಕೂಲಿಯವಳು ಸಾರ್.”

ಯಾರೋ! ಚಡ್ಡಿ ಜಾರುವ ವಯಸ್ಸಿನಿಂದ ಅವಳ ಕೈತುತ್ತು ತಿಂದು ಬೆಳೆದ ಬಾಯಿ ಅದು.

ಸಂಜೆ ಗೇಟಿನ ಬಳಿ ಅವನೇ ಅಡ್ಡ ನಿಂತ. “ನಾಳೆಯಿಂದ ಬರಬೇಡ ಅತ್ತಿಗೆ. ಕಂಪನಿಯಿಂದ ಟೋಪಿ ಹಾಕಿದ ಮಾಲಿಗಳು ಬರ್ತಾರೆ.”

“ಥೂ ನಿನ್ನ! ಅಣ್ಣನ ಮೇಲೆ ಆಣೆ ಇಟ್ಟಿದ್ಯಲ್ಲೋ ಬಡ್ಡೀಮಗನೆ! ಮರಾನೂ ತಿಂದೆ, ನನ್ನ ಕೂಳೂ ತಿಂದೆ!”

“ನನ್ನ ಕೈಲೇನಿದೆ? ನನಗೂ ಹೆಂಡ್ತಿ ಮಕ್ಕಳಿದ್ದಾರೆ.”

ಇಪ್ಪತ್ತು ದಿನ ಕಳೆದಿರಲಿಲ್ಲ, ಬೆಳ್ಳಂಬೆಳಗ್ಗೆ ಅದೇ ಮೈದುನ ಏದುಸಿರು ಬಿಡುತ್ತ ಗುಡಿಸಲಿಗೆ ಬಂದ. ಮರದ ಎಲೆಯೆಲ್ಲ ಉದುರಿದೆ, ಟೋಪಿ ಮಾಲಿಗಳಿಗೆ ಏನೂ ಗೊತ್ತಿಲ್ಲ, ನಾಳೆ ಮನೆ ಕೊಂಡವರೆಲ್ಲ ಅಂಗಳ ನೋಡಲು ಬರುತ್ತಾರೆ. “ಸಾಹೇಬ್ರು ನನ್ನೇ ಹಿಡ್ಕೊಂಡಿದ್ದಾರೆ. ಒಂದ್ಸಲ ಬಾ ಅತ್ತಿಗೆ, ಕಾಲಿಗೆ ಬೀಳ್ತೀನಿ.”

ಹೋದಳು. ಅವನಿಗಾಗಿ ಅಲ್ಲ, ಕರುಳು ಮರದ ಕಡೆ ಎಳೆಯಿತು. ಕಾಂಡವನ್ನು ಉಗುರಿನಿಂದ ಕೆರೆದಳು. ಜೀವವಿರುವ ಅಂಜೂರ ಉಗುರು ತಾಕಿದರೆ ಸಾಕು, ಹಾಲು ಜಿನುಗುತ್ತದೆ. ಇನ್ನೊಂದು ಕಡೆ ಕೆರೆದಳು, ಮತ್ತೊಂದು ಕಡೆ, ಬುಡದಲ್ಲಿ. ಎಲ್ಲೂ ಒಂದು ತೊಟ್ಟು ಇರಲಿಲ್ಲ. ಉಗುರಿಗೆ ಬಂದದ್ದು ಒಣ ಪುಡಿ. ಅದನ್ನು ಸೆರಗಿಗೆ ಒರೆಸಿಕೊಂಡಳು.

“ಬದುಕುತ್ತೇನಮ್ಮಾ?” ಸಾಹೇಬನ ಬಾಯಲ್ಲಿ ಈಗ ಅಮ್ಮ.

ಗಿಡದಕ್ಕ ಅವನನ್ನು ನೋಡಿದಳು. ಪಕ್ಕದಲ್ಲಿ ಕೈಕಟ್ಟಿ ನಿಂತ ಮೈದುನನನ್ನು ನೋಡಿದಳು.

“ಬದುಕುತ್ತೆ. ಕಲ್ಲು ಕೀಳಿಸಿ.”

“ಬುಡದ್ದು ಮಾತ್ರ ತಾನೇ?”

“ಬೇರು ಎಲ್ಲೆಲ್ಲಿ ಹೋಗುತ್ತೋ ಅಲ್ಲೀವರೆಗೂ. ಅಂಗಳ ಪೂರ್ತಿ. ಹಾರೆ ಇವನ ಕೈಗೆ ಕೊಡಿ, ಬೇರೆ ಯಾರೂ ಮುಟ್ಟಬಾರದು.”

ಕಲ್ಲನ್ನಾದರೆ ರಾತ್ರಿಯೇ ಮತ್ತೆ ಹಾಸಿಸಬಹುದು, ಇಂಥ ಮರ ಎಲ್ಲಿಂದ ತರುವುದು ಎಂದುಕೊಂಡು ಸಾಹೇಬ ತಲೆಯಾಡಿಸಿದ. ಮೊದಲ ಕಲ್ಲು ಚಟ್ಟನೆ ಸೀಳಿ ಎದ್ದಿತು. ಆಮೇಲೆ ಎರಡನೆಯದು, ಹತ್ತನೆಯದು. ಹೊತ್ತು ನೆತ್ತಿಗೇರಿತು. ಮೈದುನನ ಅಂಗೈಯ ಬೊಬ್ಬೆ ಒಡೆದು ಹಾರೆ ಜಾರತೊಡಗಿತು.

“ಸಾಕಾ ಅತ್ತಿಗೆ?”

ಸತ್ತ ಮರಕ್ಕೆ ಬೆನ್ನೊರಗಿಸಿ ಕೂತಿದ್ದ ಗಿಡದಕ್ಕ ಕಣ್ಣು ಮಿಟುಕಿಸಲಿಲ್ಲ.

“ಇನ್ನೂ ಕೀಳು” ಎಂದಳು.