ಮೂರನೇ ಹೊಕ್ಕು

ಉಮ್ಮಿಹಾನ್ ಮುದುಕಿಗೆ ಲಕ್ವ ಹೊಡೆದದ್ದು ಮಗ್ಗದ ಮುಂದೆ ಕೂತಿದ್ದಾಗಲೇ. ಸೊಸೆ ಕೆಜ್ಬಾನ್ ಹಿತ್ತಿಲಿಂದ ಓಡಿಬರುವಷ್ಟರಲ್ಲಿ ಬಲಗೈ ಬಿದ್ದುಹೋಗಿತ್ತು, ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಆದರೆ ನಾಲಿಗೆ ಪೂರ್ತಿ ಸೋಲಲಿಲ್ಲ, ಸೋಲುವ ನಾಲಿಗೆಯೂ ಅದಲ್ಲ. ಹಾಸಿಗೆಯ ಮೇಲೆ ಮಲಗಿಸಿದ ಕೂಡಲೇ ಅರ್ಧ ಬಾಯಲ್ಲಿ ಕೇಳಿದಳು: "ಇನ್ನೂರು ಸಾಲು ಬಾಕಿ ಐತೆ. ಯಾರೇ ನೇಯ್ತಾರೆ?"

ಸಿಂದಿರ್ಗಿ ಗುಡ್ಡಗಳ ಆ ಊರಲ್ಲಿ ಹೆಂಗಸಾದವಳು ತನ್ನ ಸಾವಿನ ರತ್ನಗಂಬಳಿಯನ್ನು ಬದುಕಿದ್ದಾಗಲೇ ನೇಯ್ದು ಪೆಟ್ಟಿಗೆಯಲ್ಲಿಡಬೇಕು. ಸತ್ತ ದಿನ ಅದರ ಮೇಲೆ ಮಲಗಿಸಿ ಹೊತ್ತೊಯ್ಯುತ್ತಾರೆ, ಮಣ್ಣು ಮಾಡಿ ಬಂದು ಅದನ್ನು ಮಸೀದಿಯಲ್ಲಿ ಹಾಸುತ್ತಾರೆ. ಉಮ್ಮಿಹಾನ್ ತನ್ನ ಆಯುಷ್ಯದಲ್ಲಿ ಐವತ್ತರ ಮೇಲೆ ನೇಯ್ದಿದ್ದಳು. ಮಗನ ಮದುವೆ, ಮನೆಯ ಮಾಡು, ಮೇಕೆಗಳ ಕಾಯಿಲೆ ಅಂತ ಒಂದೊಂದೂ ಸಂತೆಯ ದಾರಿ ಹಿಡಿಯಿತು. ತನಗೆ ಅಂತ ಕೂತದ್ದು ಎಪ್ಪತ್ತು ದಾಟಿ, ಕಣ್ಣಿಗೆ ಪೊರೆ ಬಂದ ಮೇಲೆ. ಪಕ್ಕದ ಮನೆಯವರು ಬಂದು ಕೈಹಚ್ಚೋಣವೆಂದರೆ ಅದೂ ಇಲ್ಲ. ಸಾವಿನ ಕಂಬಳಿಗೆ ಮನೆಯ ಕೈಯೇ ಆಗಬೇಕು, ಹೊರಗಿನವರ ಒಂದು ಗಂಟೂ ಬೀಳಬಾರದು.

ಮನೆಯಲ್ಲಿದ್ದ ಕೈಗಳಾದರೂ ಎಂಥವು! ಮಗಳು ದೋಂದು ಚಿಕ್ಕವಳಿದ್ದಾಗ ಕತ್ತೆಯ ಮೇಲಿಂದ ಬಿದ್ದು ಎಡಗೈ ಸೊಟ್ಟ ಮಾಡಿಕೊಂಡವಳು, ಮೇಕೆ ಮೇಯಿಸುತ್ತಲೇ ನಲವತ್ತಾದವಳು. ಮಗ ವೇಸೆಲ್ ಕಾಡಿನಲ್ಲಿ ಮರ ಕಡಿಯುವವನು, ವಾರಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಉಳಿದವಳು ಅವನ ಹೆಂಡತಿ ಕೆಜ್ಬಾನ್. ಅವಳು ದೂರದ ಮಿಲಾಸ್ ಊರಿನವಳು.

ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿರಲಿಲ್ಲ. ಮಿಲಾಸಿನ ಕಂಬಳಿ ಹಳದಿ, ಹೊಗೆಸೊಪ್ಪಿನ ಬಣ್ಣ, ಕಾಲಿಟ್ಟರೆ ಮೆತ್ತಗೆ ಹೂತುಹೋಗುವಂಥದು. ಈ ಗುಡ್ಡದ ಕಂಬಳಿ ಕಡುನೀಲಿ, ಅದರಲ್ಲಿ ಕಡುಗೆಂಪು ನಕ್ಷತ್ರಗಳು, ಮುಟ್ಟಿದರೆ ಹಲಗೆಯಷ್ಟು ಬಿಗಿ. ಮದುವೆಯಾಗಿ ಬಂದ ಮೊದಲ ವಾರ ಕೆಜ್ಬಾನ್ ಆಸೆಯಿಂದ ಮಗ್ಗದ ಹತ್ತಿರ ಹೋದಾಗ ಅತ್ತೆ ಅವಳ ಕೈಗೆ ಪಟ್ಟನೆ ಹೊಡೆದಿದ್ದಳು. "ಏ ಮಿಲಾಸಿನವ್ಳೇ, ನಿಮ್ಮೂರಲ್ಲಿ ನೇಯೋದು ಹಾಸಿಗೆ. ಇಲ್ಲಿ ಕಂಬಳಿ ನೇಯ್ತೀವಿ. ಹೋಗು, ಹಿಟ್ಟು ನಾದು." ಇಪ್ಪತ್ತೆರಡು ವರ್ಷ ಹಿಟ್ಟು ನಾದಿದಳು. ಹೊಟ್ಟೆ ಉರಿಯಲಿಲ್ಲವೇ? ಉರಿಯಿತು. ಆದರೂ ಈಗ ಹಾಸಿಗೆಯ ಪಕ್ಕ ಕೂತು, "ನಾನು ನೇಯ್ತೀನತ್ತೆ," ಅಂದುಬಿಟ್ಟಳು.

ಮುದುಕಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಆಮೇಲೆ, "ಬೇರೆ ಗತಿಯಿಲ್ಲ," ಅಂದಳು. ಆ ಮನೆಯಲ್ಲಿ ಅದು ಆಶೀರ್ವಾದಕ್ಕೆ ಸಮ.

ಪಟ್ಟಣದಿಂದ ಬಂದ ಡಾಕ್ಟರು ಬಾಗಿಲಾಚೆ ನಿಂತು ಹೇಳಿ ಹೋದರು: ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತು. ಮನಸ್ಸಿಗೆ ಪೆಟ್ಟು ಬೀಳುವ ಮಾತು ಬೇಡ.

ಕೆಜ್ಬಾನ್ ಮಗ್ಗಕ್ಕೆ ಕೂತಳು. ದಿನಕ್ಕೆ ಎಂಟು ಸಾಲು, ಒಂಬತ್ತು ಸಾಲು. ಬೆಳಿಗ್ಗೆ ಒಂದು ಬಟ್ಟಲು ಹುಳಿಹಿಟ್ಟಿನ ಸಾರು ಕುಡಿದರೆ ಮತ್ತೆ ಏಳುವುದು ಅತ್ತೆಯ ಬಟ್ಟೆ ಬದಲಿಸುವುದಕ್ಕೆ ಮಾತ್ರ. ಗಂಟುಗಳ ಒಂದು ಸಾಲು ಮುಗಿದ ಮೇಲೆ ಅಡ್ಡ ನೂಲಿನ ಹೊಕ್ಕು ಹಾಯಿಸಿ ಕಬ್ಬಿಣದ ಹಣಿಗೆಯಿಂದ ದಬದಬನೆ ಬಡಿಯಬೇಕು. ಆ ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು. ಒಂದೊಂದು ಸಲ ಬಡಿದಾಗಲೂ ಮುದುಕಿ ಎಣಿಸುತ್ತಿದ್ದಳು. "ಮೂವತ್ತೊಂದು." ಸ್ವಲ್ಪ ಹೊತ್ತಿಗೆ, "ಮೂವತ್ತೆರಡು." ಎಣಿಸುವಾಗ ಅವಳ ಉಸಿರು ಹದವಾಗಿ ಬರುತ್ತಿತ್ತು.

ಏಳನೇ ದಿನ, ಅರವತ್ತನೇ ಸಾಲು. ಅತ್ತೆ ಕೆಳಗೆ ನೇಯ್ದಿದ್ದ ನಕ್ಷತ್ರಕ್ಕೆ ಜೋಡಿಯಾದದ್ದು ಮೇಲೆ ಮುಗಿಯಿತು. ಕೆಜ್ಬಾನ್ ಸ್ವಲ್ಪ ಜಂಬದಿಂದಲೇ ಹಿಂದೆ ಸರಿದು ನೋಡಿದಳು. ಅತ್ತೆಯ ನಕ್ಷತ್ರ ದುಂಡಗೆ ಕೂತಿತ್ತು. ಅವಳದು ಉದ್ದಕ್ಕೆ ಎಳೆದುಕೊಂಡಿತ್ತು. ಗೇಣು ಹಾಕಿ ಅಳೆದಳು. ಕೆಳಗೆ ಒಂದು ಗೇಣು, ಮೇಲೆ ಒಂದು ಗೇಣು ಮತ್ತು ನಾಲ್ಕು ಬೆರಳು.

ಮಗ್ಗದ ಹಿಂದೆ ಹೋಗಿ ಬೆನ್ನಿನ ಕಡೆ ನೋಡಿದಾಗ ಗೊತ್ತಾಯಿತು. ಈ ಊರಲ್ಲಿ ಎರಡು ಸಾಲು ಗಂಟಿನ ನಡುವೆ ಎರಡೇ ಹೊಕ್ಕು. ಅವಳ ಕೈ ಮೂರು ಹಾಯಿಸಿತ್ತು. ಮಿಲಾಸಿನಲ್ಲಿ ಎಂಟನೇ ವಯಸ್ಸಿಗೆ ಅಮ್ಮ ಕಲಿಸಿದ್ದ ಮೂರನೇ ಹೊಕ್ಕು! ಇಪ್ಪತ್ತೆರಡು ವರ್ಷ ಮಗ್ಗ ಮುಟ್ಟದ ಕೈಗೆ ಇವಳನ್ನು ಒಂದು ಮಾತು ಕೇಳಬೇಕು ಅಂತಲೂ ಅನಿಸಿರಲಿಲ್ಲ.

ಮೇಲಿಂದ ಕೆಳಕ್ಕೆ ಬಿಗಿದ ಹಾಸು ನೂಲಿನ ಉದ್ದವೋ ಮೊದಲೇ ಕಟ್ಟಿದ್ದು, ಒಂದು ಬೆರಳೂ ಬೆಳೆಯುವುದಿಲ್ಲ. ಹೀಗೇ ಹೋದರೆ ಮೇಲಿನ ನಕ್ಷತ್ರ ಅರ್ಧಕ್ಕೇ ನಿಲ್ಲುತ್ತದೆ, ಮೇಲ್ತುದಿಯ ಅಂಚೇ ಬರುವುದಿಲ್ಲ. ಮಸೀದಿಗೆ ಬಂದವರೆಲ್ಲ ನೋಡುತ್ತಾರೆ. ಉಮ್ಮಿಹಾನಳಿಗಷ್ಟೇ ಅಲ್ಲ, ಅವಳ ನಕ್ಷತ್ರಕ್ಕೂ ಲಕ್ವ ಹೊಡೆದಿದೆ ಅಂತ ನಗುತ್ತಾರೆ.

"ಬಿಚ್ತೀನಿ," ಅಂದಳು ದೋಂದುಗೆ ಪಿಸುಮಾತಿನಲ್ಲಿ. "ಅರವತ್ತೂ ಬಿಚ್ತೀನಿ."

"ತಲೆ ಕೆಟ್ಟಿದ್ಯಾ ಅತ್ತಿಗೆ? ಟೈಮ್ ಎಲ್ಲೈತೆ? ಅವ್ವನಿಗೆ ಹೇಳಿಬಿಡಣ."

"ಹೇಳಿದ್ರೆ ಈಗ್ಲೇ ಹೋಗ್ತಾಳೆ! ಡಾಕ್ಟ್ರು ಏನಂದ್ರು, ಕೇಳಿಸ್ಕೊಂಡಿಲ್ವಾ ನೀನು?"

ಆ ಕಡೆಯಿಂದ ಕೂಗು ಬಂತು: "ಯಾಕ್ರೇ ಸುಮ್ನಾದ್ರಿ? ಮಗ್ಗಕ್ಕೂ ಸಾವು ಬಂತಾ?"

ಇಬ್ಬರೂ ಬೆಚ್ಚಿದರು. ಮುದುಕಿಯ ಉಸಿರು ಗೊರಗೊರ ಅನ್ನತೊಡಗಿತ್ತು. ಕೆಜ್ಬಾನ್ ಹಣಿಗೆಯನ್ನು ದೋಂದುವಿನ ಒಳ್ಳೆಯ ಕೈಗೆ ತುರುಕಿದಳು. "ಬಡಿ." ದೋಂದು ಬರೀ ನೂಲಿನ ಮೇಲೆ ಬಡಿದಳು. "ಅರವತ್ತೊಂದು," ಅಂತ ಕೇಳಿಸಿತು. ಉಸಿರು ಹದಕ್ಕೆ ಬಂತು.

ಹಾಗೆ ಶುರುವಾಯಿತು ಆ ಹಾಳು ನಾಟಕ. ಒಬ್ಬಳು ಒಂದೊಂದೇ ಗಂಟು ಕಿತ್ತು ಹೊಕ್ಕು ಎಳೆಯುವುದು, ಇನ್ನೊಬ್ಬಳು ಸುಳ್ಳು ಏಟು ಹಾಕುವುದು. ಮೂರು ದಿನದಲ್ಲಿ ಕೆಜ್ಬಾನಳ ಬೆರಳ ತುದಿಯ ಚರ್ಮ ಹೋಗಿ, ಕೆಂಪು ಉಣ್ಣೆ ಯಾವುದು ರಕ್ತ ಯಾವುದು ತಿಳಿಯದಂತಾಯಿತು. ಮಗ್ಗ ಮತ್ತೆ ಅತ್ತೆ ಬಿಟ್ಟ ಸಾಲಿಗೇ ಬಂದು ನಿಂತಿತು. ಅಲ್ಲಿಂದ ಹೊಸದಾಗಿ ನೇಯತೊಡಗಿದಳು, ಪ್ರತಿ ಸಾಲಿಗೂ "ಎರಡೇ, ಎರಡೇ" ಅಂತ ತನ್ನ ಕೈಗೆ ತಾನೇ ಗದರಿಕೊಳ್ಳುತ್ತ. ಆದರೆ ಮುದುಕಿಗೆ ನಿದ್ದೆ ಕಡಿಮೆಯಾಗುತ್ತ ಬಂದಿತ್ತು. ಮಿಸುಕಿದಾಗಲೆಲ್ಲ, ನರಳಿದಾಗಲೆಲ್ಲ ದೋಂದು ಹೆದರಿ ಒಂದು ಏಟು ಹಾಕುತ್ತಿದ್ದಳು. ಲೆಕ್ಕ ಕುದುರೆಯಂತೆ ಓಡಿತು. ಅಲ್ಲಿ ನೂರಾ ಎಪ್ಪತ್ತು ಅನ್ನುವಾಗ ಇಲ್ಲಿ ಮೂವತ್ತೂ ಆಗಿರಲಿಲ್ಲ.

"ಸಾಕು ಮಾರಾಯ್ತಿ, ಬಡೀಬೇಡ," ಅಂದಳು ಕೆಜ್ಬಾನ್ ಅಳುತ್ತ.

"ಬಡೀದಿದ್ರೆ ಅವ್ವ ಉಸಿರೇ ಎಳೀತಿಲ್ಲ ಅತ್ತಿಗೆ, ನಾನೇನ್ ಮಾಡ್ಲಿ?"

ಹದಿನಾರನೇ ದಿನ ಮಧ್ಯಾಹ್ನ ಒಳಗಿನಿಂದ ಸಣ್ಣ ದನಿ ಬಂತು. "ಇನ್ನೂರು." ಒಂದು ಗಳಿಗೆ ಬಿಟ್ಟು, "ಮುಗೀತಲ್ಲ. ಕಡಿ. ತಂದು ನನ್ನ ಕೆಳಗೆ ಹಾಸು. ಮಲಗಿ ನೋಡ್ತೀನಿ."

ಕೆಜ್ಬಾನ್ ಮಗ್ಗ ನೋಡಿದಳು. ಐವತ್ತು ಸಾಲು ಆಗಿತ್ತು. ಅದರ ಮೇಲೆ ಒಂದು ಮೊಳ ಬರೀ ಬಿಳಿ ನೂಲು. ಒಮ್ಮೆ ಕಡಿದರೆ ಮುಗಿಯಿತು, ಆಮೇಲೆ ಯಾವ ಕೈಯೂ ಅದನ್ನು ಪೂರ್ತಿ ಮಾಡಲಾರದು. ಕಡಿಯದಿದ್ದರೆ ಅತ್ತೆ ತನ್ನ ಕಂಬಳಿಯನ್ನು ಮುಟ್ಟದೆಯೇ ಹೋಗುತ್ತಾಳೆ. ದೇವರೇ, ಯಾವುದನ್ನು ಆರಿಸಲಿ? ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಕೈಗೆ ತೆಗೆದುಕೊಂಡಳು, ಕೆಳಗಿಟ್ಟಳು, ಮತ್ತೆ ತೆಗೆದುಕೊಂಡಳು. ಒಳಗಿನಿಂದ "ಏ ಮಿಲಾಸಿನವ್ಳೇ" ಅಂತ ಕರೆದದ್ದು ಕೇಳಿ ಕಣ್ಣುಮುಚ್ಚಿ ಕಡಿದಳು. ಮೇಲಿನ ನೂಲನ್ನು ಮಾತ್ರ ಉದ್ದಕ್ಕೇ ಉಳಿಸಿಕೊಂಡಳು.

ಬರೀ ನೂಲನ್ನು ಒಳಕ್ಕೆ ಮಡಚಿ, ಇಬ್ಬರೂ ಸೇರಿ ಮುದುಕಿಯನ್ನು ಹೊರಳಿಸಿ ಕೆಳಗೆ ಹಾಸಿದರು. ಉಮ್ಮಿಹಾನ್ ಎಡಗೈಯಿಂದ ಸವರತೊಡಗಿದಳು. ತಾನು ನೇಯ್ದ ಕಡೆ ಅಂಗೈ ಸಲೀಸಾಗಿ ಹೋಯಿತು. ಹೊಸ ಸಾಲುಗಳಿಗೆ ಬಂದಾಗ ನಿಧಾನವಾಯಿತು. ಹೆಬ್ಬೆರಳು ನಕ್ಷತ್ರದ ಮಗ್ಗುಲು ಹಿಡಿದು ಮೇಲೇರಿ, ನಕ್ಷತ್ರ ಮುಚ್ಚುವ ಮೊದಲೇ ಮಡಿಕೆಗೆ ತಾಗಿ ನಿಂತಿತು. ಬೆರಳುಗಳು ಮಡಿಕೆಯ ಕೆಳಗೆ ನುಸುಳಿ ನೂಲು ಮುಟ್ಟಿದವು.

ದೋಂದು ಬಾಯಿಗೆ ಸೆರಗು ತುರುಕಿಕೊಂಡಳು.

"ಎಷ್ಟು ಬಾಕಿ?" ಅಂದಳು ಮುದುಕಿ.

"ನೂರಾ ಐವತ್ತು."

"ಮತ್ತೆ ಆ ಏಟುಗಳು?"

"ಸುಳ್ಳತ್ತೆ. ನನ್ನ ಕೈ ಮೂರು ಹೊಕ್ಕು ಹಾಕಿಬಿಡ್ತು. ಎಲ್ಲಾ ಬಿಚ್ಚಿದೆ. ನಿನ್ನ ಉಸಿರು ನಿಂತೋಗ್ತದೆ ಅಂತ ಹೆದರಿ ಸುಮ್ಸುಮ್ನೆ ಬಡಿದ್ವಿ. ಬೈಯತ್ತೆ, ಹೊಡಿ ಬೇಕಾದ್ರೆ." ಕೆಜ್ಬಾನ್ ಹಾಸಿಗೆಯ ಅಂಚಿಗೆ ಹಣೆ ಇಟ್ಟು ಬಿಕ್ಕಿಬಿಕ್ಕಿ ಅತ್ತಳು.

ಮುದುಕಿ ಸೊಸೆಯ ಕೈ ಹುಡುಕಿ ಹಿಡಿದಳು. ಚರ್ಮ ಹೋದ ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಮೂರಾ? ಅದಕ್ಕೇ ನಿಮ್ಮೂರಿಂದು ಅಷ್ಟು ಮೆತ್ತಗೆ," ಅಂದಳು. ನಕ್ಕಳೋ ಏನೋ, ಆ ಸೊಟ್ಟ ಬಾಯಲ್ಲಿ ತಿಳಿಯಲಿಲ್ಲ. "ಅಳ್ಬೇಡ ಸುಮ್ನಿರು. ಗಿಡ್ಡ ಆಯ್ತು ಅಷ್ಟೆ ತಾನೇ? ಕಾಲು ಮಡಚ್ಕೊಂಡು ಹೋಗ್ತೀನಿ."

ಮಾರನೆಯ ದಿನ ಬೆಳಗಿನ ಬಾಂಗಿಗೆ ಮೊದಲೇ ಅವಳು ಹೋದಳು.

ತೊಳೆಯಲು ಬಂದ ಹೆಂಗಸರು ಪದ್ಧತಿಯಂತೆ ಕಾಲು ನೆಟ್ಟಗೆ ಮಾಡಿ ಎರಡೂ ಹೆಬ್ಬೆರಳು ಸೇರಿಸಿ ಕಟ್ಟಿದರು. "ಮಡಚಿ, ಸ್ವಲ್ಪ ಮಡಚಿ, ಅವಳೇ ಹೇಳಿದ್ದಾಳೆ," ಅಂತ ಕೆಜ್ಬಾನ್ ಅವರ ಕೈ ಹಿಡಿದುಕೊಂಡಳು. "ಹುಚ್ಚೀ, ಸತ್ತವರ ಕಾಲು ಯಾರಾದ್ರೂ ಮಡಚ್ತಾರೇನೇ? ಆಚೆ ಹೋಗು," ಅಂತ ಗದರಿದರು. ಹೆಣದ ಹಲಗೆಯ ಮೇಲೆ ಕಂಬಳಿ ಹಾಸಿ, ಬಿಳಿಬಟ್ಟೆ ಸುತ್ತಿದ ಉಮ್ಮಿಹಾನಳನ್ನು ಮಲಗಿಸಿದರು. ತಲೆಯಿಂದ ಮೊಣಕಾಲವರೆಗೆ ಕಡುನೀಲಿ. ಅಲ್ಲಿಂದಾಚೆಗೆ ಒಂದು ಮೊಳ ಬರೀ ನೂಲು.

ಗಂಡಸರು ಹೆಗಲು ಕೊಟ್ಟು ಎತ್ತಿದರು, ಮುಂದಿನ ಬಲಗಡೆ ವೇಸೆಲ್. ಹೆಂಗಸರು ಅಂಗಳದ ಬಾಗಿಲಲ್ಲೇ ನಿಲ್ಲಬೇಕು, ಸ್ಮಶಾನದ ದಾರಿ ಅವರದಲ್ಲ. ಹಲಗೆ ಬಾಗಿಲು ದಾಟಿ ಇಳಿಜಾರಿನಲ್ಲಿ ವಾಲಿದಾಗ ನೂಲುಗಳು ಎರಡೂ ಕಡೆಗೆ ಸರಿದವು. ಅತ್ತೆಯ ಎರಡು ಹಿಮ್ಮಡಿಗಳು ಬರೀ ಮರಕ್ಕೆ ಬಡಿಯುತ್ತಿದ್ದದ್ದು ಕೆಜ್ಬಾನಳಿಗೆ ಕಂಡಿತು. ಪ್ರತಿ ಹೆಜ್ಜೆಗೂ ಟಕ್, ಟಕ್.

"ನಿಲ್ಲಿ!" ಅಂತ ಅರಚಿ ಓಡಿದಳು. ಹಲಗೆಯ ಹಿಂದೆ ನಿಂತು, ಕೈಯೆತ್ತಿ, ಎರಡೂ ಅಂಗೈಗಳನ್ನು ಆ ಹಿಮ್ಮಡಿಗಳ ಕೆಳಗೆ ತೂರಿಸಿದಳು. ಮುದುಕರೊಬ್ಬರು ಏನೋ ಹೇಳಲು ಬಾಯಿ ತೆರೆದರು. ವೇಸೆಲ್ ತಿರುಗಿ ನೋಡಿದ, ನೋಡಿ, "ನಡೀರಿ," ಅಂದ. ಕೆಜ್ಬಾನ್ ಹಾಗೇ ಕೈಯೆತ್ತಿಕೊಂಡು, ತುದಿಗಾಲಲ್ಲಿ ಎಡವುತ್ತ, ಗಂಡಸರ ನಡುವೆ ಗುಂಡಿಯವರೆಗೂ ನಡೆದಳು.