ಕೋಟೆ ಬಾಗಿಲಿನ ಕ್ಯಾಮೆರಾ

“ಬಾಗಿಲು ಎಳ್ಕೊ. ಲಾಕ್ ಮಾಡ್ಬೇಡ,” ಎನ್ನುತ್ತ ಪ್ರಫುಲ್ಲಾ ಫ್ಲ್ಯಾಟಿನಿಂದ ಹಿಮ್ಮುಖವಾಗಿ ಕಾರಿಡಾರಿಗೆ ಬಂದಳು. ಮಗ ರಂಜಿತ್ ಬಾಗಿಲು ಎಳೆದುಕೊಂಡ. ಒಳಗೆ ನೆಲದ ಮೇಲೆ ಬಾಳೆಲೆ, ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಂದು ಲೋಟ ನೀರು.

ಬೆಳಿಗ್ಗೆಯಷ್ಟೇ ಗಂಡ ಪೂವಪ್ಪನನ್ನು ವಿದ್ಯುತ್ ಚಿತಾಗಾರಕ್ಕೆ ಒಪ್ಪಿಸಿ ಬಂದಿದ್ದರು. ಸತ್ತವರನ್ನು ಹೊಸ್ತಿಲಲ್ಲಿ ನಿಂತು ಒಳಗೆ ಕರೆದು, ಎಲೆ ಬಡಿಸಿ, ಬಾಗಿಲು ಮುಚ್ಚಿ ಕಾಯುವ ಕ್ರಮ ತುಳುನಾಡಿನ ಊರಿನಲ್ಲಾದರೆ ಬೊಜ್ಜದ ದಿನದ್ದು, ದಹನವಾಗಿ ಎಷ್ಟೋ ದಿನದ ಮೇಲೆ ಬರುವ ಉತ್ತರಕ್ರಿಯೆಯದ್ದು. ಅಬುಧಾಬಿಯಲ್ಲಿ ಅಲ್ಲಿಯವರೆಗೆ ಕಾದರೆ ಯಾರಿಗೂ ರಜೆ ಸಿಗುವುದಿಲ್ಲ. ಹಾಗಾಗಿ ದಹನ, ಬೊಜ್ಜ ಎಲ್ಲವನ್ನೂ ಒಂದೇ ಭಾನುವಾರಕ್ಕೆ ಮಡಚಿ ಇಟ್ಟಿದ್ದರು. ಪ್ರಫುಲ್ಲಾ ಮೂರು ಸಲ ಕರೆದಿದ್ದಳು: “ಉಲಾಯಿ ಬಲೆ.” ಒಳಗೆ ಬನ್ನಿ.

“ಎಷ್ಟು ಹೊತ್ತಮ್ಮಾ? ಲಿಫ್ಟಲ್ಲಿ ಬರುವವರೆಲ್ಲ ನೋಡ್ತಿದ್ದಾರೆ,” ಎಂದ ರಂಜಿತ್.

“ನೋಡ್ಲಿ ಬಿಡು ಮಾರಾಯಾ,” ಎಂದಳು ಪಕ್ಕದ ಫ್ಲ್ಯಾಟಿನ ನರ್ಸ್ ರೊಸಲಿನ್. “ನಿನ್ನಪ್ಪ ಜನ್ಮವಿಡೀ ಬೇರೆಯವರನ್ನು ನೋಡಿಯೇ ಸಂಬಳ ತಗೊಂಡದ್ದಲ್ವಾ?”

ರಂಜಿತನಿಗೆ ನಗು ಬಂತು. ಬಂದದ್ದಕ್ಕೆ ನಾಚಿ ಮುಖ ತಿರುಗಿಸಿದ.

ಬಾಗಿಲು ತೆರೆದಾಗ ಎಲೆಯ ಮೇಲೆ ಒಂದು ಅಗುಳೂ ಅಲುಗಿರಲಿಲ್ಲ. ಪ್ರಫುಲ್ಲಾ ಎಲೆಯನ್ನು ನೋಡಲೂ ಇಲ್ಲ. ಹೊಸ್ತಿಲಲ್ಲೇ ನಿಂತು ಕಿವಿಗೊಟ್ಟಳು.

“ಅವರು ಬರಲಿಲ್ಲ.”

“ಅಮ್ಮಾ, ಪ್ಲೀಸ್...”

“ಇಷ್ಟು ವರ್ಷ ಪಾಳಿ ಮುಗಿಸಿ ಕಳ್ಳನ ಹಾಗೆ ಒಳಗೆ ಬರ್ತಿದ್ರು, ನನ್ನ ನಿದ್ದೆ ಕೆಡಬಾರದು ಅಂತ. ಒಂದು ದಿನವಾದ್ರೂ ನಂಗೆ ಗೊತ್ತಾಗದೆ ಬಂದದ್ದುಂಟಾ? ಇವತ್ತು ಬರಲಿಲ್ಲ. ಒಳಗೆ ಕರ್ಕೊಳ್ಳದಿದ್ರೆ ಹೊರಗೇ ಉಳೀತಾರೆ ರಂಜಿತ್. ಕಾರ್ ತೆಗಿ.”

“ಎಲ್ಲಿಗೆ?”

“ಹಮ್ದಾನ್ ಸ್ಟ್ರೀಟಿಗೆ, ಅವರ ಆಫೀಸಿಗೆ. ಜೀವ ಬಿಟ್ಟ ಕುರ್ಚಿಯಿಂದ ಕರೀಬೇಕಿತ್ತು. ನನ್ನದೇ ತಪ್ಪು.”

*

ಆ ಕುರ್ಚಿ ಇದ್ದದ್ದು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ. ದೂರದೇಶಗಳ ಕಾವಲು ಕ್ಯಾಮೆರಾಗಳನ್ನು ಅಲ್ಲಿ ಪರದೆಗಳೆದುರು ಕೂತು ನೋಡುತ್ತಿರಬೇಕು. ಪೂವಪ್ಪನ ಪಾಲಿಗೆ ಬಂದದ್ದು ಫ್ರಾನ್ಸಿನ ಒಂದು ಪುಟ್ಟ ಊರು. ಬೆಳಗಾದರೆ ಅರ್ಧ ಊರು ರೈಲು ಹತ್ತಿ ಪ್ಯಾರಿಸ್ಸಿಗೆ ಕೆಲಸಕ್ಕೆ ಹೋಗುತ್ತದೆ, ಸಂಜೆಗೆ ಮರಳುತ್ತದೆ. ನಡುವೆ ಹಳೇ ಕಾಲದ ಕಲ್ಲಿನ ಕೋಟೆ. ಊರಿನ ಹೆಸರು ಪೂವಪ್ಪನ ನಾಲಿಗೆಗೆ ಕೊನೆಯವರೆಗೂ ಹೊರಳಲಿಲ್ಲ. ಅವನಿಗದು ಕೋಟೆ ಊರು.

ಜನ ರೈಲು ಹತ್ತಿ ಹೋದಮೇಲೆ ಕೋಟೆಯ ಬಾಗಿಲ ಬಳಿಯ ಬೆಂಚಿಗೆ ಒಬ್ಬ ಮುದುಕಿ ಬರುತ್ತಿದ್ದಳು. ಒಂದು ದಿನ ಆಕೆ ಕ್ಯಾಮೆರಾ ಕಡೆ ಕೈಯೆತ್ತಿದಳು. ಪೂವಪ್ಪ ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದಮೇಲೆ, ಕ್ಯಾಮೆರಾದ ಮೂತಿಯನ್ನು ತುಸು ಕೆಳಗಿಳಿಸಿ ಮೇಲೆತ್ತಿದ, ತಲೆಯಾಡಿಸಿದ ಹಾಗೆ. ಕಂಪೆನಿಯ ನಿಯಮಕ್ಕೆ ಇದು ವಿರುದ್ಧ. ಅಂದಿನಿಂದ ದಿನವೂ ಆಕೆ ಕೈಯೆತ್ತುವುದು, ಇವನು ಕ್ಯಾಮೆರಾದಲ್ಲಿ ತಲೆಯಾಡಿಸುವುದು.

“ನಿಮ್ಮ ಎರಡನೇ ಹೆಂಡ್ತಿ ಹೇಗಿದ್ದಾಳೆ?” ಎಂದು ಪ್ರಫುಲ್ಲಾ ಛೇಡಿಸುತ್ತಿದ್ದಳು.

“ಇವತ್ತು ಬರಲಿಲ್ಲ ಮಾರಾಯ್ತಿ. ಅಲ್ಲಿ ಚಳಿ ಜೋರುಂಟು,” ಎಂದು ಪೂವಪ್ಪ ಅರ್ಧ ಊಟಕ್ಕೇ ಕೈತೊಳೆಯುತ್ತಿದ್ದ. ಇತ್ತೀಚೆಗೆ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಮೈಗೆ ಶಾಲು ಹೊದ್ದು ಸೋಫಾದಲ್ಲಿ ಕೂರುತ್ತಿದ್ದ. ಅವನ ಅಂಗಿಯನ್ನು ಒಗೆಯಲು ತೆಗೆದಾಗ ಒಂದೆರಡು ಸಲ ಅದು ತೇವವಾಗಿತ್ತು. ಬೆವರಿನ ವಾಸನೆಯಲ್ಲ; ಪಾಚಿ ಕಟ್ಟಿದ ಕಲ್ಲಿನ ವಾಸನೆ. ಪ್ರಫುಲ್ಲಾ ಅದನ್ನು ಯಾರಿಗೂ ಹೇಳಿರಲಿಲ್ಲ.

*

“ಒಳಗೆ ಬಿಡ್ಲಿಕ್ಕೆ ಪರ್ಮಿಶನ್ ಇಲ್ಲ ಪ್ರಫುಲ್ಲಕ್ಕಾ,” ಎಂದ ಪಾಳಿಯಲ್ಲಿದ್ದ ಸವಾದ್, ಬಾಗಿಲನ್ನು ಪೂರ್ತಿ ತೆರೆದು ಹಿಡಿದುಕೊಂಡೇ. “ಬೇಗ ಬನ್ನಿ. ಸುಪರ್‌ವೈಸರ್ ಬಂದ್ರೆ ನನ್ನದು ಖಲಾಸ್.”

ಪೂವಪ್ಪನ ಕುರ್ಚಿ ಖಾಲಿಯಿತ್ತು. ಸವಾದ್ ಅದರ ಪಕ್ಕ ಬೇರೆ ಸ್ಟೂಲ್ ಹಾಕಿಕೊಂಡು ಕೆಲಸ ಮಾಡುತ್ತಿದ್ದ.

“ಅದರಲ್ಲಿ ಯಾಕೆ ಕೂತ್ಕೊಳ್ಳಲ್ಲ ನೀವು?” ರಂಜಿತ್ ಕೇಳಿದ.

“ಕೂತು ನೋಡಿದೆ. ಚಳಿ ಹಿಡೀತದೆ ಬ್ರೋ.”

ಎದುರಿನ ಪರದೆಗಳಲ್ಲಿ ಕೋಟೆ ಊರು. ಕೋಟೆಯ ಬಾಗಿಲು, ಇಳಿಜಾರಿನ ರಸ್ತೆ, ಸ್ಟೇಷನ್ನಿನ ಪ್ಲ್ಯಾಟ್‌ಫಾರ್ಮು. ಅಲ್ಲಿ ಸದ್ದಿಲ್ಲದೆ ಮಳೆ ಸುರಿಯುತ್ತಿತ್ತು. ಬೆಂಚಿನ ಮೇಲೆ ಮುದುಕಿ ಕೂತಿದ್ದಳು. ಕೈಯಲ್ಲಿ ಛತ್ರಿಯಿದ್ದರೂ ಅದನ್ನು ಬೆಂಚಿನ ಖಾಲಿ ಅರ್ಧದ ಮೇಲೆ ಹಿಡಿದಿದ್ದಳು. ಆ ಕಡೆ ತಿರುಗಿ ಏನೋ ಹೇಳುತ್ತಿದ್ದಳು. ನಡುನಡುವೆ ಮಾತು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.

“ಅವರು ಹೋದ ದಿನದಿಂದ ಹೀಗೆ,” ಸವಾದನ ದನಿ ತಗ್ಗಿತು. “ಕ್ಯಾಮೆರಾ ಕಡೆ ನೋಡೋದೇ ಬಿಟ್ಟಿದ್ದಾಳೆ.”

“ಡಿಮೆನ್ಶಿಯಾ ಇರ್ಬಹುದು,” ಎಂದ ರಂಜಿತ್.

ಪ್ರಫುಲ್ಲಾ ಕುರ್ಚಿಯ ಬೆನ್ನು ಹಿಡಿದು ನಿಂತಳು. “ನನ್ನ ದನಿ ಅಲ್ಲಿ ಕೇಳ್ತದಾ?”

“ಮಾಫಿ, ಇಲ್ಲ ಅಕ್ಕಾ. ಮೈಕ್ ಬಂದ್ ಉಂಟು.”

“ಅಡ್ಡಿಲ್ಲ.” ಅವಳು ಪರದೆಯ ಸನಿಹಕ್ಕೆ ಬಾಗಿದಳು. “ಉಲಾಯಿ ಬಲೆ.”

ಮುದುಕಿಯ ಮಾತು ನಿಂತಿತು.

“ಉಲಾಯಿ ಬಲೆ. ಎಲೆ ಬಡಿಸಿದ್ದೇನೆ.”

ಮುದುಕಿ ಪಕ್ಕದ ಖಾಲಿ ಜಾಗವನ್ನು ನೋಡಿದಳು. ಆಮೇಲೆ ತಲೆಯೆತ್ತಿ ನೇರವಾಗಿ ಕ್ಯಾಮೆರಾವನ್ನು, ಅದರೊಳಗಿಂದ ಪ್ರಫುಲ್ಲಾಳನ್ನು ನೋಡಿದಳು. ರಂಜಿತನ ಕೈ ತಾಯಿಯ ಸೆರಗನ್ನು ಹುಡುಕಿ ಹಿಡಿಯಿತು.

ಮೂರನೆಯ ಸಲ ಪ್ರಫುಲ್ಲಾ ಕರೆಯಲಿಲ್ಲ, ಬೇಡಿದಳು. “ಸಾಕು. ಮನೆಗೆ ಬನ್ನಿ.”

ಮುದುಕಿ ಎದ್ದಳು. ಇಳಿಜಾರಿನಲ್ಲಿ ನಿಧಾನವಾಗಿ, ಜೊತೆಗೊಬ್ಬರ ಹೆಜ್ಜೆಗೆ ಹೆಜ್ಜೆ ಹೊಂದಿಸುವವಳಂತೆ ನಡೆದಳು. ಚಾಚಿದ ತೋಳಿನ ತುದಿಯಲ್ಲಿ ಛತ್ರಿ. ಒಂದು ಪರದೆಯಿಂದ ಇನ್ನೊಂದಕ್ಕೆ ದಾಟಿ ಪ್ಲ್ಯಾಟ್‌ಫಾರ್ಮಿಗೆ ಬಂದಳು. ರೈಲು ಬಂತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಬಾಗಿಲು ಮುಚ್ಚಿಕೊಳ್ಳುವ ತನಕ ಅವಳು ಛತ್ರಿಯನ್ನು ಆ ಬಾಗಿಲಿಗೇ ಚಾಚಿ ಹಿಡಿದಿದ್ದಳು.

“ರೊಸಲಿನ್‌ಗೆ ಫೋನ್ ಮಾಡು,” ಪ್ರಫುಲ್ಲಾ ಪಿಸುಗುಟ್ಟಿದಳು. “ಬಾಗಿಲು ತೆರೆದಿಡ್ಲಿಕ್ಕೆ ಹೇಳು.”

ರಂಜಿತ್ ಫೋನ್ ತೆಗೆದ.

ರೈಲು ಹೋಯಿತು. ಖಾಲಿ ಪ್ಲ್ಯಾಟ್‌ಫಾರ್ಮಿನಲ್ಲಿ ಮುದುಕಿ ಛತ್ರಿಯನ್ನು ತನ್ನ ತಲೆಯ ಮೇಲಕ್ಕೆ ಸರಿಸಿಕೊಂಡು, ಮರಳಿ ಇಳಿಜಾರು ಹತ್ತತೊಡಗಿದಳು. ಅವಳ ಕೋಟಿನ ಒಂದು ಹೆಗಲು ತೊಯ್ದು ಕಪ್ಪಾಗಿತ್ತು.