ಹೊಳೆಗೆ ಬಂದ ಅಪವಾದ

ಇದು ಐವತ್ತೊಂಬತ್ತನೇ ಇಸವಿಯ ಮಾತು. ಜೊಯಿಡಾದ ಕಾಡಿನಲ್ಲಿ, ಹೊಳೆ ಝರಿಯಾಗಿ ಹುಟ್ಟುವ ಗುಡ್ಡದ ಬುಡದಲ್ಲಿ, ದೇವಝರಿ ಎಂಬ ಕ್ಷೇತ್ರವಿತ್ತು. ಧಾರವಾಡ, ಬೆಳಗಾವಿ ಕಡೆಯ ಭಕ್ತರು ಬಂಡಿ ಕಟ್ಟಿಕೊಂಡು ಅಲ್ಲಿಗೆ ಬರುತ್ತಿದ್ದರು. ಬಂದವರು ಝರಿಯ ನೀರನ್ನು ತಲೆಗೆ ಚಿಮುಕಿಸಿಕೊಳ್ಳುತ್ತಿದ್ದರು, ಬಾಯಿಗೆ ಮಾತ್ರ ಹಾಕುತ್ತಿರಲಿಲ್ಲ. ಆ ನೀರು ಕುಡಿದರೆ ಚಳಿಜ್ವರ ಬರುತ್ತದೆ ಎಂದು ಎಲ್ಲರೂ ನಂಬಿದ್ದರು.

ಜ್ವರವೇನೋ ನಿಜವೇ. ದಿನ ಬಿಟ್ಟು ದಿನ ಬಂದು ಮೂರು ಕಂಬಳಿ ಹೊದ್ದರೂ ಗಡಗಡ ನಡುಗಿಸುತ್ತಿತ್ತು. ಮಳೆ ಹಿಡಿಯುವ ಮೊದಲೇ ಅರ್ಧ ಊರು ಬಾಗಿಲಿಗೆ ಕೀಲಿ ಹಾಕಿ ಹಳಿಯಾಳದ ಕಡೆ ಇಳಿದುಬಿಡುತ್ತಿತ್ತು.

ದೇವಸ್ಥಾನದ ಪಕ್ಕದಲ್ಲಿ ಮಾಲವ್ವನ ಖಾನಾವಳಿ. ಮೂವತ್ತು ವರ್ಷದ ಹಿಂದೆ ಅವಳು ಆ ಮನೆಗೆ ಸೊಸೆಯಾಗಿ ಬಂದಿದ್ದಳು. ಆರನೇ ವರ್ಷಕ್ಕೆ ಗಂಡ ಚಳಿಜ್ವರದಲ್ಲಿ ತೀರಿಕೊಂಡ. ಆವತ್ತಿನಿಂದ ಮಾಲವ್ವ ಝರಿಯ ಮೆಟ್ಟಿಲು ಇಳಿದವಳಲ್ಲ. ಬೇರೆಯವರು ತಂದು ಹಾಕಿದ ನೀರನ್ನು ವಿಧಿಯಿಲ್ಲದೆ ಕುಡಿಯುತ್ತಿದ್ದಳು. ಊರಿಗೆಲ್ಲ ತಾಯಿಯಾದ ಹೊಳೆ ಅವಳಿಗೆ ವೈರಿ.

ಆ ವರ್ಷ ದೀಪಾವಳಿಗೆ ಮೊದಲು ಮಲೇರಿಯಾ ಇಲಾಖೆಯ ಜನ ಪಂಪು ಹೊತ್ತುಕೊಂಡು ಬಂದರು. ಮನೆ ಮನೆಯ ಗೋಡೆಗೆ ಸೊಳ್ಳೆ ಸಾಯಿಸುವ ಔಷಧ ಹೊಡೆಯುವುದು ಅವರ ಕೆಲಸ. ಅವರ ಮುಂದಾಳು ಬಸ್ತ್ಯಾಂವ, ಹತ್ತಿರದ ಸಿದ್ದಿಯರ ಕೇರಿಯವನು. ಮುಂಡಗೋಡದಲ್ಲಿ ಏಳನೇ ಇಯತ್ತೆ ಓದಿದ್ದ.

ಮಾಲವ್ವ ಹೊಸ್ತಿಲಲ್ಲಿ ನಿಂತು ಕೈ ಅಡ್ಡ ಹಿಡಿದಳು.

"ಪಡಸಾಲಿ ಅಷ್ಟ ಹೊಡಿ. ಒಳಗ ಬರಬ್ಯಾಡ. ಅಡಿಗಿಮನಿ ನನ್ನ ಮಡಿ ಜಾಗಾ."

"ಅವ್ವಾರ, ಸೊಳ್ಳಿಗೆ ಮಡಿ ಮೈಲಿಗಿ ಗೊತ್ತಿಲ್ರಿ. ಎಲ್ಲಿ ಕತ್ತಲಿ ಐತಿ ಅಲ್ಲೇ ಹೋಗಿ ಕೂಡತಾವ."

"ಸೊಳ್ಳಿ ಕಡದ್ರ ತುರಿಸ್ತೈತಿ, ಅಷ್ಟ. ಜ್ವರ ಬರೂದು ನೀರಿನಿಂದ. ನನ್ನ ಗಂಡನ್ನ ತಿಂದಾಕಿ ಆ ಹೊಳಿ. ಆಕಿಗೆ ಔಷಧ ಹೊಡೀತಿ ಏನು?"

ಬಸ್ತ್ಯಾಂವ ಪಡಸಾಲೆಗೆ ಔಷಧ ಹೊಡೆದ. "ಎರಡು ತಿಂಗಳು ಗ್ವಾಡಿ ಸಾರಸಬ್ಯಾಡ್ರಿ" ಎಂದು ಹೇಳಿ ಹೋದ. ಆದರೆ ಹಬ್ಬ ಬಂತು. ಗೋಡೆಯ ಮೇಲಿನ ಬಿಳಿ ಕಲೆ ಮಾಲವ್ವನ ಕಣ್ಣಿಗೆ ಚುಚ್ಚಿತು. ಸೊಸೆ ಸುಶೀಲವ್ವನಿಗೆ ಹೇಳಿ ಸೆಗಣಿ, ಕೆಮ್ಮಣ್ಣು ಕಲಸಿ ಪಡಸಾಲೆಯನ್ನೆಲ್ಲ ಸಾರಿಸಿದಳು. ಹೊಡೆದ ಔಷಧ ಅಲ್ಲಿಗೆ ಮುಚ್ಚಿಹೋಯಿತು.

ಸುಶೀಲವ್ವ ಆಗ ನಾಲ್ಕು ತಿಂಗಳ ಬಸುರಿ. ಗಂಡ ಶೇಖಪ್ಪ ದಾಂಡೇಲಿಯ ಕಾಗದ ಗಿರಣಿಯಲ್ಲಿ ಕೆಲಸಕ್ಕಿದ್ದ, ರಜೆಯ ದಿನ ಮನೆಗೆ ಬರುತ್ತಿದ್ದ. ಅವಳ ತಂದೆ ಮಹಾಂತಪ್ಪ ಹಳಿಯಾಳದ ಹತ್ತಿರದ ರೈತ. ಕಾರ್ತಿಕ ಮಾಸವೆಲ್ಲ ದೇವಝರಿಯಲ್ಲಿ ದೀಪ ಹಚ್ಚುವ ಹರಕೆ ಹೊತ್ತು ಬೀಗರ ಮನೆಗೆ ಬಂದಿಳಿದ. ಜೊತೆಗೆ ತನ್ನ ಊರಿನ ಬಾವಿಯ ನೀರು ತುಂಬಿದ ಎರಡು ದೊಡ್ಡ ಡಬ್ಬಿ. ಮುಗಿದರೆ ಕಟ್ಟಿಗೆ ಲಾರಿಯಲ್ಲಿ ಇನ್ನಷ್ಟು ಬರುವ ವ್ಯವಸ್ಥೆಯನ್ನೂ ಮಾಡಿಕೊಂಡಿದ್ದ.

"ಇದೇನ್ರಿ ಬೀಗ್ರ, ನಮ್ಮನಿ ನೀರು ಸೈತ ಬ್ಯಾಡಾದ್ವು?" ಎಂದಳು ಮಾಲವ್ವ.

"ತಪ್ಪು ತಿಳೀಬ್ಯಾಡ್ರಿ. ದೇವರು ದೊಡ್ಡಾಂವ, ಖರೆ. ಇಲ್ಲಿ ನೀರು ಮಾತ್ರ ಕೆಟ್ಟದ್ದು. ಸೇವಾ ಮುಗದ ಮ್ಯಾಲ ಸುಶೀಲಿನ್ನ ಕರಕೊಂಡು ಹೋಗ್ತೇನಿ. ಅಳಿಯ ದಾಂಡೇಲ್ಯಾಗ ಖೋಲಿ ಹಿಡದ ಮ್ಯಾಲ ಅಲ್ಲಿಗೇ ಕಳಸ್ತೇನಿ. ಮೊಮ್ಮಗೂನ ಈ ಊರಿಗೆ ತರೂದಿಲ್ಲ."

ಮಾಲವ್ವನಿಗೆ ಸಿಟ್ಟು ಬಂತು. ಆದರೆ ಅವಳ ಮನಸ್ಸಿನಲ್ಲೂ ಅದೇ ಭಯವಿತ್ತು.

ಮಹಾಂತಪ್ಪ ಹಟಗಾರ. ಕುಡಿಯಲು ಡಬ್ಬಿಯ ನೀರು, ಬಾಯಿ ಮುಕ್ಕಳಿಸಲೂ ಡಬ್ಬಿಯ ನೀರು. ಅವನ ಅನ್ನ, ಸಾರನ್ನು ಸುಶೀಲವ್ವ ಅದೇ ನೀರಿನಲ್ಲಿ ಬೇರೆ ಮಾಡುತ್ತಿದ್ದಳು. ಪೂಜಾರಿ ಕೊಟ್ಟ ತೀರ್ಥವನ್ನೂ ಅವನು ಕಣ್ಣಿಗೆ ಒತ್ತಿಕೊಂಡು ತಲೆಗೆ ಸವರಿಕೊಳ್ಳುತ್ತಿದ್ದ. ರಾತ್ರಿ ಮಲಗಲು ಅಡಿಗೆಮನೆಯ ಪಕ್ಕದ ಸಣ್ಣ ಕೋಣೆ. ಒಲೆಯ ಕಾವು ಇರುತ್ತದೆ, ಬೆಚ್ಚಗಾಗುತ್ತದೆ ಎಂದು ಮಾಲವ್ವನೇ ಅಲ್ಲಿ ಹಾಸಿಗೆ ಹಾಸಿ ಕೊಟ್ಟಿದ್ದಳು.

ಹದಿನಾರನೇ ದಿನ ಮಧ್ಯಾಹ್ನ ಮಹಾಂತಪ್ಪನಿಗೆ ಚಳಿ ಬಂತು. ಹಲ್ಲು ಕಟಕಟ ಕಡಿಯತೊಡಗಿದವು. ಸಂಜೆಗೆ ಮೈ ಕಾದ ಹಂಚಾಯಿತು. ರಾತ್ರಿ ಬೆವರಿ ಬಿಟ್ಟಿತು. ಮೂರನೇ ದಿನ ಮತ್ತೆ ಅದೇ ಚಳಿ.

ಪುಣ್ಯಕ್ಕೆ ಅದು ಬಸ್ತ್ಯಾಂವ ಊರು ಸುತ್ತುವ ದಿನ. ಹದಿನೈದು ದಿನಕ್ಕೊಮ್ಮೆ ಬಂದು ಯಾರಿಗೆ ಜ್ವರ ಎಂದು ಕೇಳುತ್ತಿದ್ದ. ಅವನು ಮಹಾಂತಪ್ಪನ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿಕೊಂಡ. ಗುಳಿಗೆ ನುಂಗಿಸಿದ. ಐದನೇ ದಿನ ರಕ್ತದ ವರದಿ ಹಿಡಿದುಕೊಂಡು ನಡೆದೇ ಬಂದ.

"ಮಲೇರಿಯಾ ಐತ್ರಿ ಯಜಮಾನ್ರ. ಇನ್ನ ಐದು ದಿನ ಈ ಗುಳಿಗಿ ತಪ್ಪದ ತಗೋರಿ."

"ನಾ ಹೇಳಿರಲಿಲ್ಲೇನು? ಎಲ್ಲಾ ಈ ಹಾಳು ನೀರು!" ಎಂದು ಮಹಾಂತಪ್ಪ ಮಲಗಿದ್ದಲ್ಲಿಂದಲೇ ನರಳಿದ.

ಬಾಗಿಲಲ್ಲಿ ನಿಂತಿದ್ದ ಸುಶೀಲವ್ವ ತಟ್ಟನೆ ಅಂದಳು: "ಅಪ್ಪಾ, ನೀ ಎಲ್ಲಿ ಈ ನೀರು ಕುಡದೀ? ಒಂದು ಹನಿನೂ ಕುಡದಿಲ್ಲಲ್ಲ. ನಿನ್ನ ಅನ್ನಾ ಸೈತ ನಾನ ಡಬ್ಬಿ ನೀರಾಗ ಮಾಡೇನಿ."

ಮಹಾಂತಪ್ಪ ಮಗ್ಗಲು ತಿರುಗಿ ತನ್ನ ನೀರಿನ ಡಬ್ಬಿಯನ್ನು ನೋಡಿದ.

ಬಸ್ತ್ಯಾಂವ ಮೆಲ್ಲಗೆ ಕೇಳಿದ: "ಅವ್ವಾರ, ಒಂದು ದೀಪಾ ಕೊಡ್ರಿ. ಈ ಖೋಲಿ ಮೂಲಿ ನೋಡೂಣು."

ಮಾಲವ್ವ ಚಿಮಣಿ ಹಚ್ಚಿ ತಾನೇ ಹಿಡಿದಳು. ಹಾಸಿಗೆಯ ತಲೆಗಡೆಯ ಗೋಡೆ, ಅಡಿಗೆಮನೆಯ ಮಾಡು, ನೆಲುವಿನ ಹಿಂದೆ, ಎಲ್ಲೆಲ್ಲೂ ಸೊಳ್ಳೆ. ತಲೆ ಗೋಡೆಗೆ ಹಚ್ಚಿ, ಹಿಂಭಾಗ ಮೇಲೆತ್ತಿ ಸಾಲಾಗಿ ಕೂತಿದ್ದವು.

"ಇವ ನೋಡ್ರಿ. ಜ್ವರ ಇದ್ದವರನ್ನ ಕಡದ ಸೊಳ್ಳಿ ಆ ರೋಗಾನ ಒಯ್ದು ಇನ್ನೊಬ್ಬರ ರಕ್ತಕ್ಕ ಬಿಡತೈತಿ. ಝರಿ ದಂಡ್ಯಾಗ ಹುಲ್ಲು, ಕೊಳತ ಎಲಿ ಬಿದ್ದು ನೀರು ಸಾವಕಾಶ ಹರೀತೈತಲ್ಲ, ಅಲ್ಲಿ ತತ್ತಿ ಇಡತಾವ. ನೀರು ಕಾಸಿ ಕುಡೀರಿ, ಅದು ಬ್ಯಾರೆ ಮಾತು. ಆದ್ರ ಈ ಜ್ವರಕ್ಕ ಹೊಳಿ ಕಾರಣ ಅಲ್ರಿ. ಮತ್ತ ಮನ್ಯಾಗ ಬಸುರಿ ಹೆಣಮಗಳು ಅದಾಳ. ಆಕಿಗೆ ಈ ಜ್ವರ ಬಂದ್ರ ತಾಯಿ, ಕೂಸು ಇಬ್ರಿಗೂ ಜೀವಕ್ಕ ಅಪಾಯ."

ಮಾಲವ್ವ ದೀಪವನ್ನು ಕೆಳಗಿಳಿಸಿದಳು. "ಇಪ್ಪತ್ತನಾಲ್ಕು ವರ್ಷ," ಎಂದಳು. "ಇಪ್ಪತ್ತನಾಲ್ಕು ವರ್ಷ ನಾ ಆಕಿಗೆ ಶಾಪಾ ಹಾಕೇನಿ."

ದೀಪವನ್ನು ಸೊಸೆಯ ಕೈಗಿತ್ತು ಹೊರಗೆ ನಡೆದಳು. ದೇವಸ್ಥಾನದ ಹಿಂದಿನ ಮೆಟ್ಟಿಲನ್ನು ಒಂದೊಂದಾಗಿ ಇಳಿದು ಝರಿಯಲ್ಲಿ ಮೊಣಕಾಲುದ್ದ ನಿಂತಳು. "ತಪ್ಪಾತವ್ವಾ ನಂದು" ಎಂದು ಬಾಯಿಬಿಟ್ಟು ಅತ್ತಳು. ಅತ್ತು ಹಗುರಾಗಿ, ಸೀರೆಯ ನೆರಿಗೆ ಹಿಂಡಿಕೊಂಡು ಮೇಲೆ ಬಂದಳು.

"ತಮ್ಮಾ ಬಸ್ತ್ಯಾಂವ, ನಿನ್ನ ಪಂಪು ತಾ. ಅಡಿಗಿಮನಿಗೆ ಮೊದಲ ಹೊಡಿ."

ಮರುದಿನ ಪಂಪು ಬಂತು. ಮಾಲವ್ವ ಹಿಟ್ಟು, ಕಾಳು, ಪಾತ್ರೆಯನ್ನೆಲ್ಲ ಅಂಗಳಕ್ಕೆ ತಂದು ಮುಚ್ಚಿಟ್ಟಳು. ಒಂದು ಮೂಲೆಯನ್ನೂ ಬಿಡಗೊಡಲಿಲ್ಲ. ಅಕ್ಕಪಕ್ಕದವರ ಬಾಗಿಲು ಬಡಿದು, "ಮಾಲವ್ವನ ಅಡಿಗಿಮನಿಗೇ ಹೊಡದಾರ, ನಿಮ್ಮದೇನು ದೊಡ್ಡ ಮಡಿ?" ಎಂದು ಕೇಳಿದಳು. ಆ ವಾರ ದೇವಝರಿಯಲ್ಲಿ ಔಷಧ ಬೀಳದ ಗೋಡೆ ಉಳಿಯಲಿಲ್ಲ. ಶೇಖಪ್ಪ ದಾಂಡೇಲಿಯಿಂದ ಎರಡು ಸೊಳ್ಳೆಪರದೆ ತಂದು ಕಟ್ಟಿದ.

ಮೂರನೇ ದಿನ ಮಹಾಂತಪ್ಪನ ಜ್ವರ ಬಿಟ್ಟಿತು. ಇನ್ನು ಗುಳಿಗೆ ಯಾಕೆ ಎಂದು ಗೊಣಗಿದ. ಮಗಳು ಕೇಳಲಿಲ್ಲ, ಎದುರು ನಿಂತು ಐದೂ ದಿನ ನುಂಗಿಸಿದಳು. ಎದ್ದು ಓಡಾಡುವಂತಾದ ಮೇಲೆ ಅವನು ಮಾಡಿದ ಮೊದಲ ಕೆಲಸ, ಕುಡಗೋಲು ಹಿಡಿದು ಝರಿಗೆ ಇಳಿದದ್ದು. ದಂಡೆಯ ಹುಲ್ಲು ಕೊಯ್ದು, ಕೊಳೆತ ಎಲೆ ಎತ್ತಿ ಹಾಕಿ, ನಿಂತ ನೀರಿಗೆ ದಾರಿ ಬಿಡಿಸಿದ. ನೋಡುತ್ತ ನಿಂತ ಯಾತ್ರಿಕರನ್ನು ಕರೆದ.

"ಬರ್ರಿ, ಇಳೀರಿ! ನನ್ನ ಹರಕಿಯೊಳಗ ನಿಮಗೂ ಪಾಲು ಐತಿ. ನೋಡಕೋತ ನಿಂತ್ರ ದಂಡಿ ಹಸನ ಆಗೂದಿಲ್ಲ."

ಮೊದಲ ದಿನ ನಾಲ್ಕು ಜನ ಇಳಿದರು. ಮಾಸ ಮುಗಿಯುವ ಅಮಾವಾಸ್ಯೆಯ ಹೊತ್ತಿಗೆ ನಲವತ್ತು ಜನ. ಮೇಲಿನ ಗುಡ್ಡದಿಂದ ಕೆಳಗಿನ ಸಿದ್ದಿ ಕೇರಿಯವರೆಗೆ ಝರಿ ತಡೆಯಿಲ್ಲದೆ ಹರಿಯಿತು.

ಸುಶೀಲವ್ವ ಏಳು ತಿಂಗಳು ತುಂಬುವವರೆಗೂ ಅತ್ತೆಯ ಮನೆಯಲ್ಲೇ ಇದ್ದಳು. ತವರಲ್ಲಿ ಹೆರಿಗೆಯಾಯಿತು, ಗಂಡುಮಗು. ಮೂರು ತಿಂಗಳ ಕೂಸನ್ನು ಸುರಿಯುವ ಮಳೆಯಲ್ಲಿ ಕಂಬಳಿ ಸುತ್ತಿ ಎತ್ತಿಕೊಂಡು ದೇವಝರಿಗೆ ಬಂದವನು ಮಹಾಂತಪ್ಪನೇ. ಆ ಮಳೆಗಾಲದಲ್ಲಿ ಊರು ಬಿಟ್ಟವರು ಯಾರೂ ಇಲ್ಲ. ಪ್ರತಿ ಮನೆಯ ಮಾಡಿನಿಂದಲೂ ಹೊಗೆ ಏಳುತ್ತಿತ್ತು.

ಮುಂದಿನ ಕಾರ್ತಿಕದಲ್ಲಿ ಬಸ್ತ್ಯಾಂವ ದೇವಸ್ಥಾನದ ಕಟ್ಟೆಯ ಮುಂದೆ ನಿಂತು ಕಾಗದ ಬಿಚ್ಚಿದ. "ಆರು ತಿಂಗಳಾತು. ಈ ಊರಾಗ ಜ್ವರ ಬಂದವರ ರಕ್ತಾ ಎಲ್ಲಾ ತಗೊಂಡು ಕಳಿಸೇನಿ. ಒಬ್ಬರಿಗೂ ಮಲೇರಿಯಾ ಇಲ್ಲ!"

ಹಲಗೆ ಬಡಿದರು, ಜಾಂಗಟೆ ಬಾರಿಸಿದರು, ಜಯಕಾರ ಹಾಕಿದರು. ಮಾಲವ್ವ ಬಸ್ತ್ಯಾಂವನ ಕೈ ಹಿಡಿದು ಖಾನಾವಳಿಗೆ ಕರೆತಂದಳು. ಎಲ್ಲರ ಜೊತೆ ಮೊದಲ ಪಂಕ್ತಿಯಲ್ಲಿ ಕೂಡಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದಳು.

"ಸಾಕ್ರಿ ಅವ್ವಾರ!"

"ಸುಮ್ನ ಉಣ್ಣು. ನಮ್ಮ ತಾಯಿ ಮ್ಯಾಲಿನ ಕೆಟ್ಟ ಹೆಸರು ಅಳಿಸಿದಾಂವ ನೀನು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನಲ್ಲೂ ಚಳಿಜ್ವರ ಇದ್ದರೆ ನೀರಿಗೂ ದೇವರಿಗೂ ಹಣೆಬರಹಕ್ಕೂ ದೂರು ಹೇಳುತ್ತ ಕೂರಬೇಡಿ. ಔಷಧ ಹೊಡೆಯುವವರು ಬಂದಾಗ ಒಳಗಿನ ಕೋಣೆಯನ್ನೂ ತೆರೆದುಕೊಡಿ, ಹೊಡೆದ ಗೋಡೆಯನ್ನು ಸಾರಿಸಬೇಡಿ. ಜ್ವರ ಬಂದ ದಿನವೇ ಒಂದು ಹನಿ ರಕ್ತ ಕೊಡಿ. ಕೊಟ್ಟ ಗುಳಿಗೆಯನ್ನು ಜ್ವರ ಬಿಟ್ಟ ಮೇಲೂ ಪೂರ್ತಿ ನುಂಗಿ. ಬಸುರಿಯರನ್ನು, ಕೂಸುಗಳನ್ನು ಪರದೆಯೊಳಗೆ ಮಲಗಿಸಿ. ದೇವಝರಿಯವರು ಒಂದೇ ವರ್ಷದಲ್ಲಿ ಗೆದ್ದರು. ನಾಳೆ ಬೆಳಿಗ್ಗೆ ನಿಮ್ಮ ಓಣಿಯ ನಾಲ್ಕು ಜನರನ್ನು ಕೂಡಿಸಿಕೊಂಡು ನಿಮ್ಮ ಹಳ್ಳದ ದಂಡೆಗೆ ಇಳಿಯಿರಿ. ನೀವೂ ಗೆಲ್ಲುತ್ತೀರಿ.